ಪಾಡ್‌ಕಾಸ್ಟ್ | ಹಳೇ ಗ್ರಾಫಿಕ್ಸ್ ಕಾರ್ಡ್‌ಗೆ ಎರಡನೇ ಇನ್ನಿಂಗ್ಸ್: ಯಾವಾಗ ಲಾಭ, ಯಾವಾಗ ದಂಡ?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಕೊಡಲಾಗಿದೆ.)



ಗೇಮಿಂಗ್ ಪಿಸಿ ಇಟ್ಟುಕೊಂಡವರ ಮನೆಯಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯೊಂದನ್ನು ಇವತ್ತು ಮಾತಾಡೋಣ. ವರ್ಷಗಟ್ಟಲೆ ದುಡ್ಡು ಕೂಡಿಸಿ ಹೊಸ ಗ್ರಾಫಿಕ್ಸ್ ಕಾರ್ಡ್ ತಂದಿದ್ದೀರಿ. ಹಳೇದನ್ನ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೀರಿ. ಅದೇನೂ ಕೆಟ್ಟಿಲ್ಲ, ಚೆನ್ನಾಗೇ ಓಡ್ತಿದೆ. ಮದರ್‌ಬೋರ್ಡ್‌ನಲ್ಲಿ ಇನ್ನೊಂದು ಉದ್ದನೆಯ ಸ್ಲಾಟ್ ಖಾಲಿ ಕೂತಿದೆ. ಆಗ ಅನ್ನಿಸುತ್ತೆ: ಇದನ್ನೂ ಅಲ್ಲೇ ಸಿಕ್ಕಿಸಿಬಿಟ್ಟರೆ ಆಟ ಇನ್ನೂ ಚೆನ್ನಾಗಿ ಓಡಲ್ವಾ? ಎರಡು ಕಾರ್ಡ್ ಅಂದರೆ ಎರಡರಷ್ಟು ಶಕ್ತಿ ಅಲ್ವಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಎರಡರಷ್ಟು ಶಕ್ತಿ ಖಂಡಿತ ಬರಲ್ಲ. ಆದರೆ ಹಳೇ ಕಾರ್ಡ್‌ಗೆ ಮಾಡಲು ಕೆಲಸವೇ ಇಲ್ಲ ಅನ್ನೋದೂ ಸರಿಯಲ್ಲ. ಒಂದೆರಡು ನಿರ್ದಿಷ್ಟ ಕೆಲಸಗಳಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಆ ಕೆಲಸಗಳು ಯಾವುವು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು, ನಿಮ್ಮ ಮನೆಯ ಎಸ್‌ಎಂಪಿಎಸ್ ಅದನ್ನು ತಡೆದುಕೊಳ್ಳುತ್ತಾ ಅಂತ ಒಂದೊಂದಾಗಿ ನೋಡೋಣ.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳೇ ಕಾರ್ಡ್ ಎನ್‌ವಿಡಿಯಾದ ಜಿಟಿಎಕ್ಸ್ 1060. 2016ರಲ್ಲಿ ಬಂದದ್ದು, 6 ಜಿಬಿ ಮೆಮೊರಿಯದ್ದು. ಹೊಸದು ಅದೇ ಕಂಪನಿಯ ಆರ್‌ಟಿಎಕ್ಸ್ 5060. 2025ರಲ್ಲಿ ಬಂದದ್ದು, 8 ಜಿಬಿ. ಹಳೇದನ್ನು ವರ್ಷಾನುಗಟ್ಟಲೆ ಬಳಸಿ, ಈಗ ಹೊಸದಕ್ಕೆ ಬಂದ ಮಧ್ಯಮ ವರ್ಗದ ಗೇಮರ್ ಕೈಯಲ್ಲಿ ಇರಬಹುದಾದ ಜೋಡಿ ಇದು.

ಎರಡು ಕಾರ್ಡ್ ಕೂಡಿ ಯಾಕೆ ಎಳೆಯಲ್ಲ?

ಎರಡು ಕಾರ್ಡ್ ಸೇರಿಸಿ ಆಟ ಓಡಿಸುವ ಆಲೋಚನೆ ಹೊಸದಲ್ಲ. 1998ರಲ್ಲೇ ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ ವೂಡೂ 2 ಕಾರ್ಡ್‌ನಲ್ಲಿ ಇದನ್ನು ಮಾಡಿ ತೋರಿಸಿತ್ತು. ಪರದೆಯ ಮೇಲಿನ ಗೆರೆಗಳನ್ನು ಇಬ್ಬರು ಹಂಚಿಕೊಂಡ ಹಾಗೆ: ಒಂದು ಗೆರೆ ಈ ಕಾರ್ಡ್ ಬಿಡಿಸೋದು, ಮುಂದಿನ ಗೆರೆ ಆ ಕಾರ್ಡ್ ಬಿಡಿಸೋದು. ಇದಕ್ಕೆ ಎಸ್‌ಎಲ್‌ಐ ಅಂತ ಹೆಸರು. ಆ ಕಂಪನಿಯ ತಂತ್ರಜ್ಞಾನ ಮುಂದೆ ಎನ್‌ವಿಡಿಯಾ ಪಾಲಾಯಿತು. 2004ರಲ್ಲಿ ಎನ್‌ವಿಡಿಯಾ ಅದೇ ಎಸ್‌ಎಲ್‌ಐ ಹೆಸರನ್ನು ಮತ್ತೆ ತಂದಿತು. ಮರುವರ್ಷ ಎಟಿಐ ಕಂಪನಿ ಕ್ರಾಸ್‌ಫೈರ್ ಹೆಸರಿನಲ್ಲಿ ತನ್ನದೊಂದು ವ್ಯವಸ್ಥೆ ತಂದಿತು. ಆ ಎಟಿಐಯನ್ನು 2006ರಲ್ಲಿ ಎಎಂಡಿ ಕೊಂಡುಕೊಂಡಿತು.

ಈ ಹೊಸ ಕಾಲದ ಎಸ್‌ಎಲ್‌ಐನಲ್ಲಿ ಸಾಮಾನ್ಯವಾಗಿ ಗೆರೆ ಹಂಚಿಕೊಳ್ಳುತ್ತಿರಲಿಲ್ಲ, ಇಡೀ ಫ್ರೇಮ್ ಹಂಚಿಕೊಳ್ಳುತ್ತಿದ್ದವು. ಒಂದು ಫ್ರೇಮ್ ಇದು, ಮುಂದಿನ ಫ್ರೇಮ್ ಅದು. ಇಲ್ಲಿ ಒಂದು ತೊಡಕು ಇದೆ. ಎರಡೂ ಸಮಸಮ ವೇಗದಲ್ಲಿ ಕೆಲಸ ಮಾಡಿದರೆ ಮಾತ್ರ ಫ್ರೇಮ್‌ಗಳು ಸರಿಯಾದ ಅಂತರದಲ್ಲಿ ಬರುತ್ತವೆ. ಒಂದು ಜೋರು, ಇನ್ನೊಂದು ನಿಧಾನ ಆದರೆ ಚಿತ್ರ ತಡವರಿಸುತ್ತೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಅಂತ ಗಾದೆ ಇದೆಯಲ್ಲ, ಥೇಟ್ ಅದೇ ಪರಿಸ್ಥಿತಿ. ಅದಕ್ಕಾಗಿಯೇ ಎಸ್‌ಎಲ್‌ಐಗೆ ಒಂದೇ ಮಾದರಿಯ ಎರಡು ಕಾರ್ಡ್ ಬೇಕಾಗುತ್ತಿತ್ತು. ಅಂದರೆ ಹಳೇದೊಂದು ಹೊಸದೊಂದು ಸೇರಿಸಿ ಎಸ್‌ಎಲ್‌ಐ ಮಾಡೋದು ಅದರ ಒಳ್ಳೆಯ ಕಾಲದಲ್ಲೂ ಸಾಧ್ಯವಿರಲಿಲ್ಲ.

ಮೆಮೊರಿ ವಿಚಾರದಲ್ಲೂ ಒಂದು ತಪ್ಪು ಲೆಕ್ಕ ಓಡಾಡುತ್ತೆ. ‘8 ಜಿಬಿ, 6 ಜಿಬಿ, ಒಟ್ಟು 14 ಜಿಬಿ’ ಅಂತ. ಹಾಗಾಗಲ್ಲ. ಪ್ರತಿ ಕಾರ್ಡ್ ಇಡೀ ಫ್ರೇಮ್ ಬಿಡಿಸಬೇಕು ಅಂದರೆ ಆಟದ ಸಾಮಗ್ರಿಯೆಲ್ಲ ಎರಡೂ ಕಾರ್ಡ್‌ನ ಮೆಮೊರಿಯಲ್ಲಿ ಇರಲೇಬೇಕು. ಒಂದೇ ಪುಸ್ತಕದ ಎರಡು ಪ್ರತಿ ಇದ್ದ ಹಾಗೆ. ಪುಟ ಹೆಚ್ಚಾಗಲ್ಲ.

ಕೊನೆಗೆ ಈ ವ್ಯವಸ್ಥೆಯೇ ಮುಗಿಯಿತು. 2021ರ ಜನವರಿಯಿಂದ ಎಸ್‌ಎಲ್‌ಐಗಾಗಿ ಹೊಸ ಡ್ರೈವರ್ ಪ್ರೊಫೈಲ್ ಕೊಡುವುದನ್ನು ಎನ್‌ವಿಡಿಯಾ ನಿಲ್ಲಿಸಿತು. ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್‌ಗಳಲ್ಲಿ ಜೋಡಿಸುವ ಕನೆಕ್ಟರೇ ಇಲ್ಲ. ಡೈರೆಕ್ಟ್‌ಎಕ್ಸ್ 12ರಲ್ಲಿ ಬೇರೆ ಬೇರೆ ಕಂಪನಿಯ ಕಾರ್ಡ್‌ಗಳನ್ನೂ ಸೇರಿಸುವ ದಾರಿ ಇದೆ. 2016ರ ‘ಆ್ಯಶಸ್ ಆಫ್ ದ ಸಿಂಗ್ಯುಲಾರಿಟಿ’ ಆಟದಲ್ಲಿ ಅದನ್ನು ಮಾಡಿ ತೋರಿಸಿದ್ದರು. ಆದರೆ ಅದಕ್ಕೆ ಬೇಕಾದ ಕೆಲಸವನ್ನೆಲ್ಲ ಆಟ ಮಾಡುವವರೇ ಮಾಡಬೇಕು. ಎರಡು ಕಾರ್ಡ್ ಇಟ್ಟುಕೊಂಡ ನಾಲ್ಕು ಜನರಿಗಾಗಿ ಅಷ್ಟು ಶ್ರಮ ಯಾರು ಪಡ್ತಾರೆ? ಹಾಗಾಗಿ ಅದು ಬೆಳೆಯಲಿಲ್ಲ.

ಇಷ್ಟರಿಂದ ಒಂದು ಮಾತು ಸ್ಪಷ್ಟ. ಒಂದೇ ನೊಗಕ್ಕೆ ಎರಡನ್ನೂ ಕಟ್ಟುವ ಆಸೆ ಬಿಟ್ಟುಬಿಡಿ. ಹಳೇ ಕಾರ್ಡ್‌ಗೆ ಬೇರೆಯದೇ ಕೆಲಸ ಕೊಡಬೇಕು. ಅಂಥ ಕೆಲಸಗಳು ಮುಖ್ಯವಾಗಿ ಎರಡು.

ಮೊದಲ ಕೆಲಸ: ಹಳೇ ಆಟಗಳ ಫಿಸಿಎಕ್ಸ್

ಫಿಸಿಎಕ್ಸ್ ಅಂದರೆ ಆಟದೊಳಗಿನ ಭೌತಿಕ ಚಲನೆಗಳ ಲೆಕ್ಕ. ಗಾಜು ಒಡೆದು ಚೂರು ಹಾರೋದು, ಬಟ್ಟೆ ಗಾಳಿಗೆ ಅಲ್ಲಾಡೋದು, ಹೊಗೆ ಮನುಷ್ಯನ ಸುತ್ತ ಸುತ್ತಿಕೊಂಡು ಹೋಗೋದು, ಇಂಥವು. ಏಜಿಯಾ ಎಂಬ ಕಂಪನಿ 2006ರಲ್ಲಿ ಇದಕ್ಕಂತಲೇ ಬೇರೆ ಕಾರ್ಡ್ ಮಾರುತ್ತಿತ್ತು. 2008ರಲ್ಲಿ ಎನ್‌ವಿಡಿಯಾ ಆ ಕಂಪನಿಯನ್ನು ಕೊಂಡು, ಆ ಲೆಕ್ಕವನ್ನು ತನ್ನ ಗ್ರಾಫಿಕ್ಸ್ ಕಾರ್ಡ್‌ಗಳೇ ಮಾಡುವ ಹಾಗೆ ಮಾಡಿತು. ‘ಮಿರರ್ಸ್ ಎಡ್ಜ್’, ‘ಮಾಫಿಯಾ 2’, ‘ಬ್ಯಾಟ್‌ಮ್ಯಾನ್: ಆರ್ಕಮ್ ಸಿಟಿ’, ‘ಬಾರ್ಡರ್‌ಲ್ಯಾಂಡ್ಸ್ 2’ ಆ ಕಾಲದ ಹೆಸರಾಂತ ಫಿಸಿಎಕ್ಸ್ ಆಟಗಳು.

ಆಗಲೇ ಒಂದು ಒಳ್ಳೆಯ ಸೌಲಭ್ಯ ಬಂತು. ಎನ್‌ವಿಡಿಯಾದ ಎರಡು ಕಾರ್ಡ್ ಇದ್ದರೆ, ಚಿತ್ರ ಬಿಡಿಸುವ ಕೆಲಸ ಒಂದಕ್ಕೆ, ಫಿಸಿಎಕ್ಸ್ ಲೆಕ್ಕ ಇನ್ನೊಂದಕ್ಕೆ ಅಂತ ಹಂಚಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸಿಎಕ್ಸ್ ಪ್ರೊಸೆಸರ್ ಯಾವುದು ಅಂತ ಆರಿಸಿದರೆ ಮುಗೀತು. ಇಲ್ಲಿ ಎರಡು ಕಾರ್ಡ್ ಒಂದೇ ಮಾದರಿ ಆಗಬೇಕಿಲ್ಲ, ಸಮಸಮ ವೇಗವೂ ಬೇಕಿಲ್ಲ. ಹಳೇ ಕಾರ್ಡ್‌ಗೆ ಹೇಳಿ ಮಾಡಿಸಿದ ಕೆಲಸ.

ಕಾಲ ಕಳೆದಂತೆ ಈ ಫಿಸಿಎಕ್ಸ್ ಆಟಗಳು ಕಡಿಮೆಯಾದವು, ವಿಷಯವೂ ಮರೆತುಹೋಯಿತು. ಆದರೆ 2025ರಲ್ಲಿ ಮತ್ತೆ ಸುದ್ದಿಗೆ ಬಂತು. ಯಾಕೆ ಅಂದರೆ, ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಲ್ಲಿ ಎನ್‌ವಿಡಿಯಾ 32-ಬಿಟ್ ಕೂಡಾ ಬೆಂಬಲವನ್ನೇ ತೆಗೆದುಹಾಕಿತು. ನಾನು ಹೇಳಿದ ಆ ಹಳೇ ಆಟಗಳೆಲ್ಲ 32-ಬಿಟ್ ಕಾಲದವು. ಪರಿಣಾಮ? ಹೊಚ್ಚಹೊಸ ದುಬಾರಿ ಕಾರ್ಡ್ ಇದ್ದರೂ ಫಿಸಿಎಕ್ಸ್ ಲೆಕ್ಕ ಸಿಪಿಯು ತಲೆಗೆ ಬಿತ್ತು. ಗಾಜು ಒಡೆದ ಕೂಡಲೇ ಆಟ ಕುಂಟತೊಡಗಿತು. ಹತ್ತು ವರ್ಷಕ್ಕೂ ಹಿಂದಿನ ಆಟ ಹಳೇ ಕಾರ್ಡ್‌ನಲ್ಲಿ ಸರಾಗ, ಹೊಸ ಕಾರ್ಡ್‌ನಲ್ಲಿ ತೊಡರು! ಆಗ ಅನೇಕರು ಪೆಟ್ಟಿಗೆಯಿಂದ ಹಳೇ ಕಾರ್ಡ್ ತೆಗೆದು, ಫಿಸಿಎಕ್ಸ್‌ಗೆ ಮಾತ್ರ ಅಂತ ಎರಡನೇ ಸ್ಲಾಟ್‌ಗೆ ಹಾಕಿಕೊಂಡರು. ಕೆಲಸವೂ ಮಾಡಿತು.

ಆದರೆ ಕತೆ ಅಲ್ಲಿಗೇ ನಿಲ್ಲಲಿಲ್ಲ. 2025ರ ಡಿಸೆಂಬರ್‌ನಲ್ಲಿ ಬಂದ ಡ್ರೈವರ್‌ನಲ್ಲಿ, ಆಯ್ದ ಕೆಲವು ಹಳೇ ಆಟಗಳಿಗೆ ಎನ್‌ವಿಡಿಯಾ ಈ ಸೌಲಭ್ಯವನ್ನು ಆರ್‌ಟಿಎಕ್ಸ್ 50 ಕಾರ್ಡ್‌ಗಳಲ್ಲೂ ವಾಪಸ್ ಕೊಟ್ಟಿತು. ಮೇಲೆ ಹೇಳಿದ ನಾಲ್ಕೂ ಆಟಗಳು ಆ ಪಟ್ಟಿಯಲ್ಲಿವೆ. ಅಂದರೆ ಆ ಆಟಗಳಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಈಗ ಎರಡನೇ ಕಾರ್ಡ್ ಬೇಕಾಗಿಲ್ಲ, ಡ್ರೈವರ್ ಅಪ್‌ಡೇಟ್ ಮಾಡಿದರೆ ಸಾಕು. ಪಟ್ಟಿಯಲ್ಲಿ ಇಲ್ಲದ ಫಿಸಿಎಕ್ಸ್ ಆಟ ಆಡುವವರಿಗೆ ಮಾತ್ರ ಹಳೇ ಕಾರ್ಡ್ ಇನ್ನೂ ಬೇಕು.

ಡ್ರೈವರ್ ಎಂಬ ಕಾಣದ ಬೇಲಿ

ಇಲ್ಲಿ ಜಾಸ್ತಿ ಜನ ಎಡವುವ ಜಾಗ ಒಂದಿದೆ. ಒಂದೇ ಕಂಪ್ಯೂಟರ್‌ನಲ್ಲಿ ಎನ್‌ವಿಡಿಯಾದ ಎರಡು ಕಾರ್ಡ್ ಇದ್ದರೆ, ಎರಡಕ್ಕೂ ಒಂದೇ ಡ್ರೈವರ್. ಇದಕ್ಕೊಂದು, ಅದಕ್ಕೊಂದು ಅಂತ ಹಾಕಿಕೊಳ್ಳೋಕೆ ಆಗಲ್ಲ. ಹಾಗಾಗಿ ಎರಡನ್ನೂ ಗುರುತಿಸುವ ಡ್ರೈವರ್ ಇರಬೇಕು.

ಜಿಟಿಎಕ್ಸ್ 900 ಮತ್ತು ಜಿಟಿಎಕ್ಸ್ 10 ಸರಣಿಯ ಕಾರ್ಡ್‌ಗಳಿಗೆ, ಅಂದರೆ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ತಲೆಮಾರಿಗೆ, ಹೊಸ ಆಟಗಳಿಗೆಂದು ಕೊಡುವ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು. 580 ಸಂಖ್ಯೆಯ ಸರಣಿಯೇ ಅವಕ್ಕೆ ಕೊನೆ. 2028ರ ಅಕ್ಟೋಬರ್‌ವರೆಗೆ ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್ ಮಾತ್ರ ಬರುತ್ತೆ. 590 ಸರಣಿಯಿಂದ ಮುಂದಿನ ಡ್ರೈವರ್‌ಗಳು ಈ ಕಾರ್ಡ್‌ಗಳನ್ನು ಗುರುತಿಸುವುದಿಲ್ಲ.

ಈಗ ನಮ್ಮ ಉದಾಹರಣೆಗೆ ಬನ್ನಿ. ಜಿಟಿಎಕ್ಸ್ 1060, ಆರ್‌ಟಿಎಕ್ಸ್ 5060 ಎರಡೂ ಒಟ್ಟಿಗೆ ಓಡಬೇಕು ಅಂದರೆ ನೀವು 580 ಸರಣಿಯಲ್ಲೇ ಉಳಿಯಬೇಕು. ಆಗ ಹೊಸ ಕಾರ್ಡ್‌ಗೆ ಬರುವ ಸುಧಾರಣೆಗಳೆಲ್ಲ ಕೈತಪ್ಪುತ್ತವೆ. ನಾಳೆ ಬರುವ ಆಟ ಹೊಸ ಡ್ರೈವರ್ ಬೇಕು ಅಂದರೆ ಕಷ್ಟ. ಹೊಸ ಡ್ರೈವರ್ ಹಾಕಿದಿರೋ, ಹಳೇ ಕಾರ್ಡ್ ಸುಮ್ಮನೆ ಸ್ಲಾಟ್‌ನಲ್ಲಿ ಕೂತಿರುತ್ತೆ. ತಮಾಷೆ ಏನು ಅಂದರೆ, ಫಿಸಿಎಕ್ಸ್ ವಾಪಸ್ ಬಂದದ್ದೂ 590ರ ನಂತರದ ಆ ಹೊಸ ಡ್ರೈವರ್‌ನಲ್ಲೇ. ಹಳೇ ಕಾರ್ಡ್‌ಗೋಸ್ಕರ ಹಳೇ ಡ್ರೈವರ್‌ನಲ್ಲಿ ಉಳಿದರೆ, ಹಳೇ ಕಾರ್ಡ್ ಬೇಡವಾಗಿಸುವ ಸೌಲಭ್ಯವೇ ನಿಮಗೆ ಸಿಗಲ್ಲ!

ಹಾಗಾದರೆ ಯಾವ ಹಳೇ ಕಾರ್ಡ್ ಆಗುತ್ತೆ? ಟ್ಯೂರಿಂಗ್ ತಲೆಮಾರು ಮತ್ತು ಆನಂತರದವು. ಜಿಟಿಎಕ್ಸ್ 1650, 1660, ಆರ್‌ಟಿಎಕ್ಸ್ 2060, ಆರ್‌ಟಿಎಕ್ಸ್ 3050 ಇಂಥವು. ಹೆಸರಲ್ಲಿ 1050, 1650 ಹತ್ತಿರ ಹತ್ತಿರ ಕಾಣಿಸಿದರೂ ಇವೆರಡರ ನಡುವೆ ಒಂದು ತಲೆಮಾರಿನ ಅಂತರ ಇದೆ, ನೆನಪಿರಲಿ. ಹಳೇ ಕಾರ್ಡ್ ಎಎಂಡಿದಾಗಿದ್ದರೆ, ಉದಾಹರಣೆಗೆ ಆರ್‌ಎಕ್ಸ್ 580, ಈ ತಕರಾರು ಬರಲ್ಲ. ಎಎಂಡಿ ಡ್ರೈವರ್ ಬೇರೆ, ಎನ್‌ವಿಡಿಯಾ ಡ್ರೈವರ್ ಬೇರೆ, ವಿಂಡೋಸ್‌ನಲ್ಲಿ ಎರಡೂ ಒಟ್ಟಿಗೆ ಇರಬಹುದು. ಆದರೆ ಫಿಸಿಎಕ್ಸ್ ಕೆಲಸ ಎಎಂಡಿ ಕಾರ್ಡ್‌ನಿಂದ ಆಗಲ್ಲ, ಅದು ಎನ್‌ವಿಡಿಯಾ ಸೊತ್ತು. ಎಎಂಡಿ ಕಾರ್ಡ್ ಉಪಯೋಗಕ್ಕೆ ಬರೋದು ನಾನೀಗ ಹೇಳುವ ಎರಡನೇ ಕೆಲಸಕ್ಕೆ.

ಎರಡನೇ ಕೆಲಸ: ನಡುವಿನ ಫ್ರೇಮ್ ಹುಟ್ಟಿಸುವುದು

ಸ್ಟೀಮ್‌ನಲ್ಲಿ ‘ಲಾಸ್‌ಲೆಸ್ ಸ್ಕೇಲಿಂಗ್’ ಅಂತ ಒಂದು ಪುಟ್ಟ ತಂತ್ರಾಂಶ ಸಿಗುತ್ತೆ. ಆಟದಿಂದ ಬರುವ ಎರಡು ಫ್ರೇಮ್‌ಗಳನ್ನು ನೋಡಿ, ಅವುಗಳ ನಡುವೆ ಇರಬಹುದಾದ ಫ್ರೇಮನ್ನು ಊಹಿಸಿ ಬಿಡಿಸುತ್ತೆ. ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದರೆ ಪರದೆ ಮೇಲೆ 120 ಕಾಣಿಸುತ್ತೆ. ಆಟದ ಕಂಪನಿಯ ಅಪ್ಪಣೆ ಬೇಕಿಲ್ಲ, ಹೆಚ್ಚುಕಮ್ಮಿ ಎಲ್ಲ ಆಟಕ್ಕೂ ನಡೆಯುತ್ತೆ.

ಆದರೆ ಈ ಊಹೆಯೂ ಒಂದು ಕೆಲಸವೇ. ಒಂದೇ ಕಾರ್ಡ್ ಇದ್ದಾಗ ಆಟವನ್ನೂ ಅದೇ ಬಿಡಿಸಬೇಕು, ನಡುವಿನ ಫ್ರೇಮನ್ನೂ ಅದೇ ಬಿಡಿಸಬೇಕು. ಹಾಗಾಗಿ ತಂತ್ರಾಂಶ ಶುರು ಮಾಡಿದ ಕೂಡಲೇ ಆಟದ ನಿಜವಾದ ಫ್ರೇಮ್‌ಗಳೇ ಕಡಿಮೆಯಾಗುತ್ತವೆ. 60 ಇದ್ದದ್ದು 50ಕ್ಕೆ ಇಳಿದರೆ ನಿಮಗೆ 120ರ ಬದಲು 100 ಸಿಗುತ್ತೆ, ಮೌಸ್ ಸ್ಪಂದನೆಯೂ ತುಸು ಭಾರವಾಗುತ್ತೆ. ಈ ಊಹೆಯ ಕೆಲಸವನ್ನು ಎರಡನೇ ಕಾರ್ಡ್‌ಗೆ ವಹಿಸಿದರೆ? ಮುಖ್ಯ ಕಾರ್ಡ್ ತನ್ನ ಪಾಡಿಗೆ ಆಟ ಓಡಿಸುತ್ತೆ, ಹಳೇದು ನಡುವಿನ ಫ್ರೇಮ್ ನೋಡಿಕೊಳ್ಳುತ್ತೆ. ಎಸ್‌ಎಲ್‌ಐನಲ್ಲಿ ಆಗದ ಕೆಲಸ ಹಂಚಿಕೆ ಇಲ್ಲಿ ಆಗುತ್ತೆ. ಯಾಕೆಂದರೆ ಇಬ್ಬರೂ ಒಂದೇ ಕೆಲಸ ಮಾಡ್ತಿಲ್ಲ.

ಜೋಡಿಸುವ ಕ್ರಮ ಹೀಗೆ. ಹೊಸ ಕಾರ್ಡ್ ಮೇಲಿನ ಸ್ಲಾಟ್‌ನಲ್ಲಿ, ಹಳೇದು ಕೆಳಗಿನದರಲ್ಲಿ. ಮಾನಿಟರ್ ಕೇಬಲ್ ಹಳೇ ಕಾರ್ಡ್‌ಗೆ. ಹೌದು, ಹಳೇದಕ್ಕೇ. ಕೊನೆಯ ಫ್ರೇಮ್ ತಯಾರಾಗೋದು ಅಲ್ಲಿ ತಾನೇ? ಆಮೇಲೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಆಟಗಳಿಗೆ ಬಳಸಬೇಕಾದ ಕಾರ್ಡ್ ಹೊಸದು ಅಂತ ಆರಿಸಿ. ಇದನ್ನು ಮರೆತರೆ ಮಾನಿಟರ್ ಎಲ್ಲಿದೆಯೋ ಆ ಕಾರ್ಡ್‌ನಲ್ಲೇ, ಅಂದರೆ ಹಳೇದರಲ್ಲೇ ಆಟ ಓಡಬಹುದು. ಕೊನೆಗೆ ಲಾಸ್‌ಲೆಸ್ ಸ್ಕೇಲಿಂಗ್ ತಂತ್ರಾಂಶದೊಳಗೆ ಹಳೇ ಕಾರ್ಡನ್ನು ಆರಿಸಿ.

ಮಾನಿಟರ್ ಹಳೇ ಕಾರ್ಡ್‌ಗೆ ಹೋಗುವುದರಿಂದ ಅದರ ಪೋರ್ಟ್ ಯಾವುದು ಅಂತಲೂ ನೋಡಬೇಕು. ನಿಮ್ಮ ಮಾನಿಟರ್ 165 ಹರ್ಟ್ಸ್‌ನದಾಗಿ, ಹಳೇ ಕಾರ್ಡ್‌ನ ಎಚ್‌ಡಿಎಂಐ ಅಷ್ಟು ಕೊಡಲಾರದ್ದಾದರೆ, ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಸಾಧ್ಯವಿದ್ದರೆ ಡಿಸ್‌ಪ್ಲೇ ಪೋರ್ಟ್ ಬಳಸಿ.

ಸ್ಲಾಟ್ ಉದ್ದ ನೋಡಿ ಮೋಸ ಹೋಗಬೇಡಿ

ಈ ವ್ಯವಸ್ಥೆಯಲ್ಲಿ ಹೊಸ ಕಾರ್ಡ್ ಬಿಡಿಸಿದ ಪ್ರತಿ ಫ್ರೇಮ್ ಮದರ್‌ಬೋರ್ಡ್ ದಾರಿಯಲ್ಲಿ ಹಳೇ ಕಾರ್ಡ್‌ಗೆ ಹೋಗಬೇಕು. ಆ ದಾರಿ ಎಷ್ಟು ಅಗಲ ಇದೆ?

ಲೆಕ್ಕ ಸುಲಭ. 1920 × 1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಅಂದರೆ ಒಂದು ಫ್ರೇಮ್ 8.3 ಎಂಬಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಸುಮಾರು 500 ಎಂಬಿ. 1440ಪಿಗೆ ಇದು 885 ಎಂಬಿ ಆಗುತ್ತೆ. 4ಕೆ ಪರದೆಗೆ ಸುಮಾರು 2 ಜಿಬಿ.

ಪಿಸಿಐಇ 3.0 ಸ್ಲಾಟ್‌ನಲ್ಲಿ ಒಂದು ಲೇನ್ ಸೆಕೆಂಡಿಗೆ ಹೆಚ್ಚೆಂದರೆ 1 ಜಿಬಿಯಷ್ಟು ಸಾಗಿಸುತ್ತೆ, ನಾಲ್ಕು ಲೇನ್ ಇದ್ದರೆ 4 ಜಿಬಿಯಷ್ಟು. ಅಂದರೆ ನಾಲ್ಕು ಲೇನ್ ಇದ್ದರೆ 1080ಪಿ, 1440ಪಿಗೆ ಸಾಕು. ಒಂದೇ ಲೇನ್ ಇದ್ದರೆ 1080ಪಿ ಕೂಡ ಉಸಿರುಗಟ್ಟುತ್ತೆ.

ಮದರ್‌ಬೋರ್ಡ್ ಮೇಲೆ ಎರಡನೇ ಸ್ಲಾಟ್ ಮೊದಲಿನದರಷ್ಟೇ ಉದ್ದ ಇರಬಹುದು. ಉದ್ದ ನೋಡಿ ನಂಬಬೇಡಿ. ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಆ ಉದ್ದನೆಯ ಸ್ಲಾಟ್‌ನೊಳಗೆ ನಾಲ್ಕೇ ಲೇನ್, ಕೆಲವದರಲ್ಲಿ ಒಂದೇ ಲೇನ್ ಇರುತ್ತೆ. ಅದೂ ಸಿಪಿಯುಗೆ ನೇರವಾಗಿ ಅಲ್ಲ, ಚಿಪ್‌ಸೆಟ್ ಮೂಲಕ ಸುತ್ತಿಬಳಸಿ ಹೋಗುತ್ತೆ. ಕೆಲವು ಬೋರ್ಡ್‌ಗಳಲ್ಲಿ ಆ ಸ್ಲಾಟ್ ಬಳಸಿದರೆ ಒಂದು ಎಂ.2 ಎಸ್‌ಎಸ್‌ಡಿ ಸ್ಲಾಟ್ ಬಂದ್ ಆಗುತ್ತೆ. ಬೋರ್ಡ್‌ನ ಮ್ಯಾನ್ಯುಯಲ್ ತೆಗೆದು ವಿಸ್ತರಣಾ ಸ್ಲಾಟ್‌ಗಳ ಪುಟ ಒಮ್ಮೆ ಓದಿ. ಐದು ನಿಮಿಷದ ಕೆಲಸ, ಒಂದು ಭಾನುವಾರ ಉಳಿಸುತ್ತೆ.

ಎಸ್‌ಎಂಪಿಎಸ್, ಬಿಸಿ ಮತ್ತು ಯುಪಿಎಸ್

ಈಗ ಬರೋದು ಜೇಬಿಗೆ ತಟ್ಟುವ ವಿಷಯ. ಪಿಸಿಐಇ ಸ್ಲಾಟ್ ಒಂದು ಕಾರ್ಡ್‌ಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತೆ. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು. 6 ಪಿನ್ ಕೇಬಲ್ ಇನ್ನೂ 75 ವ್ಯಾಟ್, 8 ಪಿನ್ ಕೇಬಲ್ 150 ವ್ಯಾಟ್ ಕೊಡಬಲ್ಲದು.

ನಮ್ಮ ಉದಾಹರಣೆಯಲ್ಲಿ ಆರ್‌ಟಿಎಕ್ಸ್ 5060ಗೆ 145 ವ್ಯಾಟ್, ಜಿಟಿಎಕ್ಸ್ 1060ಗೆ 120 ವ್ಯಾಟ್. ಸಿಪಿಯು, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ 150 ಅಂತ ಇಟ್ಟುಕೊಂಡರೂ 415 ವ್ಯಾಟ್ ಆಯಿತು. ಆರ್‌ಟಿಎಕ್ಸ್ 5060 ಒಂದಕ್ಕೇ 550 ವ್ಯಾಟ್‌ನ ಎಸ್‌ಎಂಪಿಎಸ್ ಇರಲಿ ಅಂತ ಎನ್‌ವಿಡಿಯಾ ಹೇಳುತ್ತೆ. ಎರಡು ಕಾರ್ಡ್ ಅಂದರೆ ಒಳ್ಳೆಯ ಕಂಪನಿಯ 650 ವ್ಯಾಟ್‌ಗೆ ಹೋಗೋದು ಕ್ಷೇಮ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ, ಮೇಲೆ 450 ಅಂತ ಸ್ಟಿಕ್ಕರ್ ಅಂಟಿಸಿದ ಎಸ್‌ಎಂಪಿಎಸ್ ಮೇಲೆ ಈ ಪ್ರಯೋಗ ಬೇಡವೇ ಬೇಡ. ಅದು ಹೋಗುವಾಗ ಒಂದೇ ಹೋಗಲ್ಲ, ಜೊತೆಗೆ ಹೊಸ ಕಾರ್ಡನ್ನೂ ಕರೆದುಕೊಂಡು ಹೋಗಬಹುದು.

ಇನ್ನೊಂದು ಎಚ್ಚರಿಕೆ. 6 ಪಿನ್ ಕೇಬಲ್ ಸಾಲದೇ ಇದ್ದಾಗ ಸಾಟಾ ಕೇಬಲ್‌ನಿಂದ 6 ಪಿನ್‌ಗೆ ಬದಲಿಸುವ ಅಡಾಪ್ಟರ್ ಹಾಕಿಬಿಡೋಣ ಅನ್ನಿಸುತ್ತೆ. ಬೇಡ. ಸಾಟಾ ವಿದ್ಯುತ್ ಕನೆಕ್ಟರ್ 12 ವೋಲ್ಟ್‌ನಲ್ಲಿ ತಡೆಯೋದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದರ ಮೇಲೆ 75 ವ್ಯಾಟ್ ಹೇರಿದರೆ ಪ್ಲಾಸ್ಟಿಕ್ ಕರಗುತ್ತೆ, ಬೆಂಕಿಯ ಅಪಾಯವೂ ಇದೆ.

ಅದಕ್ಕೇ ಎರಡನೇ ಕಾರ್ಡ್ ಆಗಿ ಇಡೋಕೆ ತಕ್ಕದ್ದು ಸ್ಲಾಟ್‌ನ ವಿದ್ಯುತ್ತಿನಲ್ಲೇ ಓಡುವ ಕಾರ್ಡ್. ಬೇರೆ ಕೇಬಲ್ ಬೇಡದ ಮಾದರಿಯ ಜಿಟಿಎಕ್ಸ್ 1650 ಇದಕ್ಕೆ ಒಳ್ಳೆಯ ಉದಾಹರಣೆ, 75 ವ್ಯಾಟ್‌ನೊಳಗೆ ಮುಗಿಸುತ್ತೆ. ಆರ್‌ಎಕ್ಸ್ 580 ಆದರೆ 185 ವ್ಯಾಟ್! ಮುಖ್ಯ ಕಾರ್ಡ್‌ಗಿಂತ ಸಹಾಯಕ್ಕೆ ಬಂದವನ ಊಟವೇ ಜಾಸ್ತಿ.

ನಮ್ಮ ಊರುಗಳಲ್ಲಿ ಕರೆಂಟ್ ಹೋಗಿ ಬರೋದು ಹೊಸತಲ್ಲ, ಹಾಗಾಗಿ ಯುಪಿಎಸ್ ಲೆಕ್ಕವನ್ನೂ ಮರೆಯಬಾರದು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್‌ಗಳಲ್ಲಿ ಹಲವು ಕೊಡುವುದು 360 ವ್ಯಾಟ್. ಮಾನಿಟರ್ ಸೇರಿ ನಿಮ್ಮ ಪಿಸಿ ಅದನ್ನು ದಾಟಿದರೆ, ಕರೆಂಟ್ ಹೋದ ಕ್ಷಣದಲ್ಲೇ ಎಲ್ಲ ಆರಿಹೋಗುತ್ತೆ. ಯುಪಿಎಸ್ ಇದ್ದೂ ಇಲ್ಲದ ಹಾಗೆ.

ಕರೆಂಟ್ ಬಿಲ್ ಬಗ್ಗೆ ಭಯ ಬೇಡ. ಹಳೇ ಕಾರ್ಡ್ ಆಟದ ಹೊತ್ತಲ್ಲಿ 60 ವ್ಯಾಟ್ ಹೆಚ್ಚು ಎಳೆಯುತ್ತೆ, ದಿನಕ್ಕೆ 3 ಗಂಟೆ ಆಡ್ತೀರಿ ಅಂದುಕೊಳ್ಳಿ. ತಿಂಗಳಿಗೆ 5.4 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 33 ರೂಪಾಯಿಯೂ ಆಗಲ್ಲ. ಖರ್ಚು ಬರೋದು ಬಿಲ್‌ನಲ್ಲಿ ಅಲ್ಲ, ಈ ಹಳೇ ಕಾರ್ಡ್‌ಗೋಸ್ಕರ ಹೊಸ ಎಸ್‌ಎಂಪಿಎಸ್ ಕೊಂಡಾಗ. ‘ಪುಕ್ಕಟೆ’ ಅಂದುಕೊಂಡ ಎರಡನೇ ಕಾರ್ಡ್ ಅಲ್ಲಿಗೆ ಸಾವಿರಾರು ರೂಪಾಯಿ ಆಗುತ್ತೆ.

ಬಿಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಹೊಸ ಕಾರ್ಡ್‌ನ ಫ್ಯಾನ್‌ಗಳು ಕೆಳಮುಖವಾಗಿರುತ್ತವೆ. ಅದರ ಕೆಳಗೇ ಹಳೇ ಕಾರ್ಡ್ ಅಂಟಿಕೊಂಡು ಕೂತರೆ ಗಾಳಿಗೆ ದಾರಿಯೇ ಇರಲ್ಲ, ಜೊತೆಗೆ ಕೆಳಗಿನಿಂದ ಬಿಸಿಗಾಳಿ ಬೇರೆ. ಎರಡರ ನಡುವೆ ಕನಿಷ್ಠ ಒಂದು ಸ್ಲಾಟ್‌ನಷ್ಟಾದರೂ ಜಾಗ ಇರಲಿ, ಕ್ಯಾಬಿನೆಟ್ ಮುಂಭಾಗದಲ್ಲಿ ಗಾಳಿ ಎಳೆಯುವ ಫ್ಯಾನ್ ಇರಲಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಏಸಿ ಇಲ್ಲದ ಕೋಣೆಯಲ್ಲಿ ಆಡುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹೊಸ ಕಾರ್ಡ್ ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಂಡರೆ, ಹಳೇದರಿಂದ ಬಂದ ಲಾಭ ಅಲ್ಲಿಗೇ ಸೋರಿಹೋಯಿತು.

ಹಾಗಾದರೆ ಯಾರು ಮಾಡಬೇಕು, ಯಾರು ಬಿಡಬೇಕು?

ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಮುಖ್ಯ ಕಾರ್ಡ್‌ಗೆ ಫ್ರೇಮ್ ಹುಟ್ಟಿಸುವ ಸೌಲಭ್ಯ ತನ್ನೊಳಗೇ ಇದೆಯಾ? ಆರ್‌ಟಿಎಕ್ಸ್ 40 ಸರಣಿ ಮತ್ತು ಆಮೇಲಿನವುಗಳಲ್ಲಿ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಇದೆ, 50 ಸರಣಿಯಲ್ಲಿ ಒಂದಕ್ಕಿಂತ ಹೆಚ್ಚು ಫ್ರೇಮ್ ಹುಟ್ಟಿಸುವ ಆವೃತ್ತಿಯೂ ಇದೆ. ಬೆಂಬಲ ಇರುವ ಆಟಗಳಲ್ಲಿ ಅದರ ಗುಣಮಟ್ಟ ಹೊರಗಿನ ತಂತ್ರಾಂಶಕ್ಕಿಂತ ಚೆನ್ನ. ಯಾಕೆಂದರೆ ಯಾವ ವಸ್ತು ಯಾವ ಕಡೆ ಚಲಿಸುತ್ತಿದೆ ಅನ್ನೋ ಮಾಹಿತಿಯನ್ನು ಆಟವೇ ಅದಕ್ಕೆ ಕೊಡುತ್ತೆ. ಲಾಸ್‌ಲೆಸ್ ಸ್ಕೇಲಿಂಗ್ ಬರೀ ಚಿತ್ರ ನೋಡಿ ಊಹಿಸಬೇಕು. ಅದಕ್ಕೇ ಕೆಲವೊಮ್ಮೆ ಅಂಚುಗಳು ಕಲಸಿದ ಹಾಗೆ ಕಾಣುತ್ತವೆ.

ಆರ್‌ಟಿಎಕ್ಸ್ 3060ಯಂಥ ಕಾರ್ಡ್‌ಗೆ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಇಲ್ಲ. ಎಎಂಡಿಯ ಎಫ್‌ಎಸ್‌ಆರ್ 3 ಅದರಲ್ಲಿ ನಡೆಯುತ್ತಾದರೂ, ಅದನ್ನು ಅಳವಡಿಸಿಕೊಂಡ ಆಟಗಳಲ್ಲಿ ಮಾತ್ರ. 60 ಫ್ರೇಮ್‌ಗೇ ಲಾಕ್ ಆಗಿರುವ ಆಟಗಳನ್ನು ದೊಡ್ಡ ಹರ್ಟ್ಸ್‌ನ ಮಾನಿಟರ್‌ನಲ್ಲಿ ಆಡುವವರಿಗೆ ಎರಡನೇ ಕಾರ್ಡ್ ನಿಜಕ್ಕೂ ಅರ್ಥಪೂರ್ಣ. ಇಂಥವರ ಹತ್ತಿರ ಜಿಟಿಎಕ್ಸ್ 1650 ಸುಮ್ಮನೆ ಬಿದ್ದಿದ್ದರೆ, ಸ್ಲಾಟ್‌ನಲ್ಲಿ ನಾಲ್ಕು ಲೇನ್ ಇದ್ದರೆ, ಎಸ್‌ಎಂಪಿಎಸ್‌ನಲ್ಲಿ ಜಾಗ ಇದ್ದರೆ, ಧೈರ್ಯವಾಗಿ ಮಾಡಿ. ಈ ಮೂರರಲ್ಲಿ ಒಂದಕ್ಕೆ ಹೊಸದಾಗಿ ದುಡ್ಡು ಹಾಕಬೇಕಾಗಿ ಬಂದರೆ, ಅಲ್ಲಿಗೇ ನಿಲ್ಲಿಸಿ.

ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಪೈಪೋಟಿಯ ಆಟ ಆಡುವವರಿಗೆ ಇದು ಬೇಡ. ಹುಟ್ಟಿಸಿದ ಫ್ರೇಮ್ ಕಣ್ಣಿಗೆ ನಯ ಕೊಡುತ್ತೆ, ಆದರೆ ನಿಮ್ಮ ಮೌಸ್‌ನ ಹೊಸ ಚಲನೆ ಅದರಲ್ಲಿ ಇರಲ್ಲ. ಬದಲಿಗೆ ಸ್ಪಂದನೆ ತುಸು ತಡವಾಗುತ್ತೆ. ಅಂಥ ಆಟದಲ್ಲಿ ಆ ತುಸುವೇ ಸೋಲು-ಗೆಲುವು.

ಯೂಟ್ಯೂಬ್‌ನಲ್ಲಿ ಆಟ ಸ್ಟ್ರೀಮ್ ಮಾಡುವವರು ‘ರೆಕಾರ್ಡಿಂಗ್ ಕೆಲಸ ಹಳೇದಕ್ಕೆ ಕೊಡೋಣ್ವಾ’ ಅಂತ ಕೇಳ್ತಾರೆ. ಹೊಸ ಕಾರ್ಡ್‌ಗಳಲ್ಲಿ ವಿಡಿಯೊ ಎನ್‌ಕೋಡ್ ಮಾಡೋಕೆ ಅಂತಲೇ ಬೇರೆ ಭಾಗ ಇದೆ. ಆಟ ಬಿಡಿಸುವ ಭಾಗಕ್ಕೆ ಅದರಿಂದ ದೊಡ್ಡ ಹೊರೆ ಬೀಳಲ್ಲ. ಫ್ರೇಮನ್ನು ಇನ್ನೊಂದು ಕಾರ್ಡ್‌ಗೆ ಸಾಗಿಸುವ ಶ್ರಮವೇ ಅದಕ್ಕಿಂತ ಹೆಚ್ಚಾಗಬಹುದು. ಹಾಗಾಗಿ ಇದಕ್ಕೆ ಎರಡನೇ ಕಾರ್ಡ್ ಬೇಡ.

ಇನ್ನು ನಮ್ಮ ಉದಾಹರಣೆಯ ಜೋಡಿ: 1060 ಮತ್ತು 5060. ಡ್ರೈವರ್ 580ಕ್ಕೆ ಕಟ್ಟಿಹಾಕುತ್ತೆ, ವಿದ್ಯುತ್ 120 ವ್ಯಾಟ್ ಬೇಡುತ್ತೆ, ಫ್ರೇಮ್ ಹುಟ್ಟಿಸುವ ಸೌಲಭ್ಯ ಹೊಸ ಕಾರ್ಡ್‌ನಲ್ಲೇ ಇದೆ, ಹೆಸರಾಂತ ಫಿಸಿಎಕ್ಸ್ ಆಟಗಳೂ ಹೊಸ ಡ್ರೈವರ್‌ನಲ್ಲಿ ವಾಪಸ್ ಬಂದಿವೆ. ಅಲ್ಲಿಗೆ ಈ ಜೋಡಿಗೆ ನನ್ನ ಉತ್ತರ ‘ಬೇಡ’.

ಬೇಡ ಅಂದರೆ ಮತ್ತೇನು ಮಾಡೋದು?

1060 ಈಗಲೂ ಒಂದು ಪೂರ್ತಿ ಕಾರ್ಡ್. ವ್ಯಾಲರಂಟ್, ಜಿಟಿಎ 5ರಂಥ ಆಟಗಳನ್ನು 1080ಪಿಯಲ್ಲಿ ನೆಮ್ಮದಿಯಾಗಿ ಓಡಿಸುತ್ತೆ. ನಿಮ್ಮ ಪಿಸಿಯಲ್ಲಿ ಅದು ಎರಡನೆಯವನಾಗಿ ಮೂಲೆಯಲ್ಲಿ ಕೂರುವ ಬದಲು, ತಮ್ಮನದೋ ತಂಗಿಯದೋ ಕಂಪ್ಯೂಟರ್‌ನಲ್ಲಿ ಮೊದಲನೆಯವನಾಗಿ ಇರಲಿ. ಆಫೀಸುಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗೆ ಹಾಕುವುದಾದರೆ ಅದರ ಎಸ್‌ಎಂಪಿಎಸ್‌ನಲ್ಲಿ 6 ಪಿನ್ ಕೇಬಲ್ ಇದೆಯಾ ನೋಡಿ, ಬಹಳಷ್ಟರಲ್ಲಿ ಇರಲ್ಲ. ಅಲ್ಲಿಗೆ ಸ್ಲಾಟ್ ವಿದ್ಯುತ್ತಿನಲ್ಲೇ ಓಡುವ 1050 ಟಿಐ, 1650ರಂಥವೇ ಸರಿ.

ಮಾರುವುದಾದರೆ ತಡಮಾಡಬೇಡಿ. ಹೊಸ ಡ್ರೈವರ್ ನಿಂತ ಕಾರ್ಡ್‌ನ ಬೆಲೆ ದಿನ ಕಳೆದಂತೆ ಇಳಿಯುತ್ತೆ, ಏರಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೇ ಅಂಗಡಿಯ ಮಾತಿಗೆ ಒಪ್ಪಿಬಿಡಬೇಡಿ, ನಾಲ್ಕು ಕಡೆ ಕೇಳಿ. ಧೂಳು ತೆಗೆದು, ಥರ್ಮಲ್ ಪೇಸ್ಟ್ ಬದಲಿಸಿ, ಆಟ ಓಡುತ್ತಿರುವ ಒಂದು ವಿಡಿಯೊ ಮಾಡಿಟ್ಟುಕೊಂಡರೆ ಕೊಳ್ಳುವವರಿಗೆ ನಂಬಿಕೆ ಬರುತ್ತೆ.

ನಿಜಕ್ಕೂ ಸತ್ತುಹೋದ ಕಾರ್ಡ್ ಆದರೆ ಕಸದ ಗಾಡಿಗೆ ಹಾಕಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥವನ್ನು ನೋಂದಾಯಿತ ಮರುಬಳಕೆದಾರರೇ ವಿಲೇವಾರಿ ಮಾಡಬೇಕು. ಅಂಥ ಸಂಗ್ರಹ ಕೇಂದ್ರಕ್ಕೆ ತಲುಪಿಸಿ.

ಕೊನೆಗೆ, ಪ್ರಯತ್ನ ಮಾಡಲೇಬೇಕು ಅಂತಿರುವವರಿಗೆ ಒಂದು ಮಾತು. ಜೋಡಿಸುವ ಮೊದಲು ನೀವು ದಿನಾ ಆಡುವ ಮೂರು ಆಟಗಳಲ್ಲಿ ಈಗ ಎಷ್ಟು ಫ್ರೇಮ್ ಬರುತ್ತಿದೆ, ಹೊಸ ಕಾರ್ಡ್ ಎಷ್ಟು ಡಿಗ್ರಿ ಬಿಸಿಯಾಗುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಜೋಡಿಸಿದ ಮೇಲೆ ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಅಳೆಯಿರಿ. ಎರಡು ಅಂಕಣ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ನಿಮ್ಮ ಮುಂದೆಯೇ ಇರುತ್ತೆ. ಲಾಭ ಕಂಡರೆ ಇರಲಿ, ಕಾಣದಿದ್ದರೆ ಎರಡು ಸ್ಕ್ರೂ ಬಿಚ್ಚಿದರೆ ಮುಗೀತು.

ನಿಮ್ಮ ಹತ್ತಿರ ಯಾವ ಜೋಡಿ ಕಾರ್ಡ್ ಇದೆ, ಏನು ಮಾಡಬೇಕು ಅಂತಿದ್ದೀರಿ ಅಂತ ನಮಗೆ ಬರೆದು ತಿಳಿಸಿ.